ಎರಡು ಸಾವಿರದ ಮುನ್ನೂರ ಇಪ್ಪತ್ತೆರಡು ನೆಂಟರು

ನಮ್ಮ ಬೀದಿಯಲ್ಲಿ ಟಾಟಾ ಮಾಮ ಎಂದೇ ಹೆಸರಾದವರು ಬಸ್ ನಿಲ್ದಾಣಕ್ಕೆ ಹೋಗತೊಡಗಿದ್ದು ೨೦೦೮ರಲ್ಲಿ ಎಂದು ಹಲವರು ಹೇಳುತ್ತಾರೆ. ಅದು ತಪ್ಪು. ಅದು ಆರಂಭವಾದದ್ದು ೨೦೦೯ರ ಮಾರ್ಚ್ ೧೪ರಂದು, ಶನಿವಾರ, ಮಧ್ಯಾಹ್ನ ಮೂರು ಗಂಟೆ ಐದು ನಿಮಿಷಕ್ಕೆ. ಅವರ ಹೆಂಡತಿಯ ಅಕ್ಕ ನಾಲ್ಕು ದಿನ ತಂಗಿಯ ಮನೆಯಲ್ಲಿದ್ದು ಅಂದು ಊರಿಗೆ ಹೊರಟಿದ್ದರು. ಗಂಡ, ಹೆಂಡತಿ ಮತ್ತು ಆಗ ಹದಿನೈದು ವರ್ಷದವಳಾಗಿದ್ದ ಮಗಳು, ಮೂವರೂ ಬಸ್ಸಿನ ಪಕ್ಕದಲ್ಲಿ ನಿಂತು ಕೈಬೀಸಿದರು. ಬಸ್ಸು ಮುಂದಕ್ಕೆ ಸರಿಯಿತು. ಅಕ್ಕನ ಕಿಟಕಿ ದಾಟಿಹೋಗಿ, ಅದರ ಹಿಂದಿನ ಕಿಟಕಿ ಎದುರಿಗೆ ಬಂತು. ಅಲ್ಲಿ ಮಡಿಲಲ್ಲಿ ಚೀಲವಿಟ್ಟುಕೊಂಡ ಒಬ್ಬ ವೃದ್ಧರು ಈ ಮೂರು ಕೈಗಳನ್ನೇ ನೋಡುತ್ತ ಕುಳಿತಿದ್ದರು. ಬೀಸುತ್ತಿದ್ದ ಕೈಯನ್ನು ಅಷ್ಟು ಬೇಗ ಇಳಿಸುವುದು ಸಭ್ಯತೆಯಲ್ಲವೆಂದು ತೋರಿ ಟಾಟಾ ಮಾಮ ಅವರಿಗೂ ಬೀಸಿದರು. ಹುಷಾರಾಗಿ ಹೋಗಿ ಬನ್ನಿ ಎಂದೂ ಹೇಳಿದರು. ವೃದ್ಧರು ಒಮ್ಮೆ ಹಿಂದಕ್ಕೆ ತಿರುಗಿ, ತಮ್ಮ ಹಿಂದೆ ಯಾರೂ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಬಳಿಕ ಟೋಪಿ ತೆಗೆದು, ತಿರುವಿನಲ್ಲಿ ಬಸ್ಸು ಮರೆಯಾಗುವವರೆಗೂ ಅದನ್ನು ಆಡಿಸುತ್ತಲೇ ಹೋದರು.

ಮೂವರೂ ಮನೆಗೆ ನಡೆದು ಬಂದರು. ಮೆಟ್ಟಿಲು ಹತ್ತುವಾಗ ಹೆಂಡತಿ, ನಾಳೆ ಭಾನುವಾರ, ಹೇಗೂ ಕೆಲಸವೇನೂ ಇಲ್ಲವಲ್ಲ ಎಂದಷ್ಟೇ ಅಂದರು.

ಟಾಟಾ ಮಾಮ ಹುಟ್ಟಿದ್ದು ೧೯೫೯ರ ಆಗಸ್ಟ್ ೨೩ರಂದು, ಅದೂ ಭಾನುವಾರವೇ. ೧೯೮೬ರ ಜೂನ್ ೨ರಿಂದ ಪಿಂಗಾಣಿ ಮತ್ತು ಗಾಜಿನ ಸಾಮಾನುಗಳ ಉಗ್ರಾಣವೊಂದರಲ್ಲಿ ಪ್ಯಾಕಿಂಗ್ ಕೆಲಸ. ಬಟ್ಟಲುಗಳನ್ನು ಹಳೆಯ ಪತ್ರಿಕೆಯಲ್ಲಿ ಒಂದೊಂದಾಗಿ ಸುತ್ತುವುದು, ಪೆಟ್ಟಿಗೆಯ ತಳಕ್ಕೆ ಒಣಹುಲ್ಲು ಹಾಸುವುದು, ಸಂದುಗಳಿಗೆ ಕಾಗದದ ಉಂಡೆ ತುರುಕುವುದು, ಕೊನೆಗೆ ಪೆಟ್ಟಿಗೆಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನಿಂದ ಚಕಾರವಿಲ್ಲದಿದ್ದರೆ ಮಾತ್ರ ಮುಚ್ಚಳ ಹೊಡೆಯುವುದು. ಶನಿವಾರ ಅರ್ಧ ದಿನ, ಭಾನುವಾರ ರಜೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆಯಲ್ಲಿ ಆ ಒಂದೂವರೆ ದಿನವನ್ನು ಕಳೆಯುವುದೇ ದೊಡ್ಡ ಸಮಸ್ಯೆಯಾಗಿತ್ತು. ಕಿಟಕಿ ತೆರೆದರೆ ಎದುರುಮನೆಯ ಗೋಡೆ. ಸಿನಿಮಾ, ಹೋಟೆಲು, ಪ್ರವಾಸ ಎಂದರೆ ಕೈಯಿಂದ ಖರ್ಚು. ಬಸ್ ನಿಲ್ದಾಣವಾದರೋ ಹದಿನೇಳು ನಿಮಿಷದ ನಡಿಗೆ. ಒಳಗೆ ಹೋಗಲು ಟಿಕೆಟು ಬೇಡ, ಬೆಂಚು ಉಂಟು, ಫ್ಯಾನು ಉಂಟು, ಕುಡಿಯುವ ನೀರಿನ ನಲ್ಲಿ ಉಂಟು. ಅಲ್ಲದೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಯಾರಾದರೊಬ್ಬರು ಊರು ಬಿಟ್ಟು ಹೋಗುತ್ತಲೇ ಇರುತ್ತಾರೆ.

ಹೀಗೆ ಪ್ರತಿ ಶನಿವಾರ ಮತ್ತು ಭಾನುವಾರ ಮೂರರಿಂದ ಆರು ಗಂಟೆಯವರೆಗೆ, ಬೀಳ್ಕೊಡಲು ಯಾರೂ ಬಾರದ ಪ್ರಯಾಣಿಕರನ್ನು ಹುಡುಕಿ ಬೀಳ್ಕೊಡುವುದು ಆ ಸಂಸಾರದ ಪದ್ಧತಿಯಾಯಿತು. ೨೦೧೦ರ ಜುಲೈ ೨೪ ಮತ್ತು ೨೫ರಂದು ಮೂವರಿಗೂ ಜ್ವರ ಬಂದದ್ದನ್ನು ಬಿಟ್ಟರೆ ಒಂದು ವಾರವೂ ತಪ್ಪಲಿಲ್ಲ.

ಯಾರದೇ ಹೆಸರು ಕೇಳಕೂಡದು, ಏನನ್ನೂ ಸ್ವೀಕರಿಸಕೂಡದು, ಬೇರೆಯವರು ಬೀಳ್ಕೊಡುತ್ತಿರುವವರ ತಂಟೆಗೆ ಹೋಗಕೂಡದು ಎಂದು ಟಾಟಾ ಮಾಮ ನಿಯಮ ಹಾಕಿದ್ದರು. ಕೆಲಸವನ್ನೂ ಹಂಚಿಕೊಂಡಿದ್ದರು. ಮಾತು ಶುರುಮಾಡುವುದು ಅವರದು. ಕಿಟಕಿಯಿಂದ ಕೈ ಹೊರಗೆ ಹಾಕಬೇಡಿ, ಮಾತ್ರೆ ಚೀಲದ ತಳಕ್ಕೆ ಹೋಗದಂತೆ ನೋಡಿಕೊಳ್ಳಿ, ಇಳಿಯುವಾಗ ಕೊಡೆ ಮರೆಯಬೇಡಿ ಎಂಬ ಬುದ್ಧಿಮಾತು ಹೆಂಡತಿಯದು. ಬಸ್ಸು ಹೊರಟಾಗ ಅದರ ಜೊತೆ ಹತ್ತು ಹೆಜ್ಜೆ ಓಡುವುದು ಮಗಳದು. ಹನ್ನೊಂದನೆಯ ಹೆಜ್ಜೆ ನಾಟಕವಾಗುತ್ತದೆ ಎಂದು ತಂದೆ ಎಚ್ಚರಿಸಿದ್ದರು. ಅಳಕೂಡದು ಎಂಬ ನಿಯಮವೂ ಇತ್ತು. ಹೆಂಡತಿ ಅದನ್ನು ಮೊದಲ ತಿಂಗಳಲ್ಲಿಯೇ ಮುರಿದರು. ಅಲ್ಲಿಂದ ಮುಂದೆ ಅದನ್ನು ಯಾರೂ ನೆನಪಿಸಲಿಲ್ಲ.

ಪ್ರಯಾಣಿಕರು ಮೊದಲು ತಬ್ಬಿಬ್ಬಾಗುತ್ತಿದ್ದರು. ಆದರೆ ಇಷ್ಟು ಅಕ್ಕರೆಯಿಂದ ಮಾತನಾಡಿಸುತ್ತಿರುವವರನ್ನು ನೀವು ಯಾರು ಎಂದು ಕೇಳುವ ಧೈರ್ಯ ಮನುಷ್ಯರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಹೆಚ್ಚಿನವರು ತಮಗೇ ಮರೆವು ಬಂದಿದೆಯೆಂದು ಒಪ್ಪಿಕೊಂಡು, ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳಿ ಎನ್ನುತ್ತಿದ್ದರು. ಒಬ್ಬರು ಮಾತ್ರ, ನನ್ನ ಮಗಳ ಮದುವೆಗೆ ನೀವು ಬರಲೇ ಇಲ್ಲ, ನಾನು ಅದನ್ನು ಮರೆತಿಲ್ಲ ಎಂದು ಮುಖ ಊದಿಸಿಕೊಂಡರು. ಟಾಟಾ ಮಾಮ ಬಸ್ಸು ಹೊರಡುವವರೆಗೂ ಕ್ಷಮೆ ಕೇಳಿದರು. ಮನೆಗೆ ಬಂದ ಮೇಲೂ, ಹೋಗಬೇಕಿತ್ತು ಕಣೇ, ತಪ್ಪಾಯಿತು ಎಂದು ಪೇಚಾಡಿದರು.

ಇಷ್ಟು ನಿರುಪದ್ರವಿಯಾದ ವಿನೋದವೊಂದು ಮಗಳ ಮದುವೆಗೆ ಅಡ್ಡಗಾಲು ಹಾಕುತ್ತದೆಂದು ಯಾರೂ ಊಹಿಸಿರಲಿಲ್ಲ.

ಮಗಳು ಓದು ಮುಗಿಸಿ ಕನ್ನಡಕದ ಅಂಗಡಿಯೊಂದರಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸಕ್ಕೆ ಸೇರಿದ್ದಳು. ೨೦೧೮ರ ಜೂನ್ ತಿಂಗಳಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಯುವಕನೊಬ್ಬ ತನ್ನ ತಂದೆಯ ಕನ್ನಡಕದ ತಿರುಪು ಸಡಿಲವಾಗಿದೆಯೆಂದು ಅಲ್ಲಿಗೆ ನಾಲ್ಕು ಸಲ ಬಂದ. ನಾಲ್ಕನೆಯ ಸಲ ತಿರುಪು ಬಿಗಿಯಾಗಿಯೇ ಇತ್ತು. ಅದನ್ನು ಅವಳು ಹೇಳಿದಳು, ಅವನು ಒಪ್ಪಿಕೊಂಡ, ಅಲ್ಲಿಗೆ ವಿಷಯ ಇಬ್ಬರಿಗೂ ಸ್ಪಷ್ಟವಾಯಿತು. ಆಗಸ್ಟ್ ಕೊನೆಯ ವಾರದಲ್ಲಿ ಇಬ್ಬರೂ ತಮ್ಮ ತಮ್ಮ ಮನೆಗಳಲ್ಲಿ ತಿಳಿಸಿದರು. ಸೆಪ್ಟೆಂಬರ್ ೨ರಂದು, ಭಾನುವಾರ ಬೆಳಗ್ಗೆ ಹತ್ತೂವರೆಗೆ, ಹುಡುಗ ತನ್ನ ತಂದೆಯನ್ನು ಕರೆದುಕೊಂಡು ಆ ಎರಡು ಕೋಣೆಗಳ ಮನೆಯ ಮೆಟ್ಟಿಲು ಹತ್ತಿದ.

ಹುಡುಗನ ತಂದೆ ಬಸ್ ನಿಲ್ದಾಣದ ಕಂಟ್ರೋಲರ್. ನಿಲ್ದಾಣದ ನಡುವಿನ ಗಾಜಿನ ಕೋಣೆಯಲ್ಲಿ ಕುಳಿತು ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆದುಕೊಳ್ಳುವುದು, ಹೊತ್ತಾದಾಗ ಹೊರಬಂದು ಸೀಟಿ ಊದುವುದು ಅವರ ಉದ್ಯೋಗ. ಈ ನಿಲ್ದಾಣಕ್ಕೆ ಅವರು ಬಂದದ್ದು ೨೦೧೧ರ ಏಪ್ರಿಲ್ ೪ರಂದು. ಅವರ ಹೆಂಡತಿ ತೀರಿಕೊಂಡು ಹಲವು ವರ್ಷಗಳಾಗಿದ್ದವು; ಮನೆಯಲ್ಲಿ ತಂದೆ, ಮಗ ಇಬ್ಬರೇ. ಟಾಟಾ ಮಾಮ ಬಾಗಿಲು ತೆರೆದು ಕೈಮುಗಿದ ಕೂಡಲೇ ಕಂಟ್ರೋಲರ್ ಅವರ ಮುಖದ ಬಣ್ಣ ಬದಲಾಯಿತು. ಕುರ್ಚಿಯ ತುದಿಯಲ್ಲಿ ಕುಳಿತರು. ಒಳಕೋಣೆಯ ಪರದೆಯ ಹಿಂದೆ ಇನ್ನೂ ಎಷ್ಟು ಜನ ಇದ್ದಾರೋ ಎಂಬಂತೆ ಎರಡು ಸಲ ಬಗ್ಗಿ ನೋಡಿದರು. ಅರ್ಧ ಲೋಟ ಚಹಾ ಕುಡಿದು, ತಿಳಿಸುತ್ತೇವೆ ಎಂದು ಎದ್ದರು.

ಉತ್ತರ ಬಂದದ್ದು ಸೆಪ್ಟೆಂಬರ್ ೪ರಂದು, ಮಂಗಳವಾರ, ಕನ್ನಡಕದ ಅಂಗಡಿಯ ಮೂಲಕ. ಹುಡುಗ ಪೆಚ್ಚುಮೋರೆ ಹಾಕಿಕೊಂಡು ಬಂದು ಹೇಳಿದ್ದನ್ನು ಮಗಳು ಸಂಜೆ ಮನೆಯಲ್ಲಿ ಒಪ್ಪಿಸಿದಳು. ಹುಡುಗಿ ಒಳ್ಳೆಯವಳು, ತಂದೆತಾಯಿ ಮರ್ಯಾದಸ್ಥರು, ಅದರಲ್ಲಿ ಕಂಟ್ರೋಲರ್ ಅವರಿಗೆ ತಕರಾರಿಲ್ಲ. ಆದರೆ ಆ ಮನೆಗೆ ನೆಂಟರು ವಿಪರೀತ. ಏಳು ವರ್ಷದಿಂದ ಅವರು ಗಾಜಿನ ಕೋಣೆಯಿಂದ ಕಣ್ಣಾರೆ ನೋಡುತ್ತಿದ್ದಾರೆ. ವಾರಕ್ಕೆ ಕಡಿಮೆಯೆಂದರೂ ಆರು ಜನ, ಮುನ್ನೂರ ಎಂಬತ್ತೇಳು ವಾರ. ಒಟ್ಟು ಎರಡು ಸಾವಿರದ ಮುನ್ನೂರ ಇಪ್ಪತ್ತೆರಡು ನೆಂಟರು. ಒಮ್ಮೆ ಕಂಡ ಮುಖ ಮತ್ತೊಮ್ಮೆ ಕಂಡದ್ದಿಲ್ಲ.

"ನೆಂಟರು ಬರೋದನ್ನ ಅವರು ಯಾವತ್ತಾದ್ರೂ ನೋಡಿದಾರಂತಾ?" ಎಂದು ಟಾಟಾ ಮಾಮ ಕೇಳಿದರು.

"ಅದನ್ನೂ ನಾನೇ ಕೇಳಿದೆ ಅಪ್ಪ," ಎಂದಳು ಮಗಳು. "ಬರೋದು ಅವರ ರಜೆ ದಿನ ಇರಬೇಕಂತೆ. ಹೋಗೋದು ನಿಜ ಅಂದ್ಮೇಲೆ ಬರೋದೂ ನಿಜವೇ ಅಂತೆ. ಕಳಿಸುವಾಗ ನಿಮ್ಮಮ್ಮ ಅಷ್ಟು ಅಳ್ತಾರೆ, ಅಷ್ಟು ಪ್ರೀತಿ ಇರೋ ಮನೆಗೆ ಅವರು ಮತ್ತೆ ಬರದೆ ಇರ್ತಾರಾ, ನಾಳೆ ಸಂಬಂಧ ಆದ್ಮೇಲೆ ಅರ್ಧ ಜನ ನಮ್ಮ ಮನೇಲೇ ಉಳ್ಕೊಳ್ತಾರೆ, ನಮಗಿರೋದು ಒಂದೇ ಮಂಚ ಅಂದರಂತೆ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದು ನಗುವೋ ಅಳುವೋ ತಿಳಿಯಲಿಲ್ಲ. ಆ ಮನೆಗಿದ್ದ ನಿಜವಾದ ನೆಂಟರು ಇಬ್ಬರೇ: ಹೆಂಡತಿಯ ಅಕ್ಕ ಮತ್ತು ಟಾಟಾ ಮಾಮನ ತಮ್ಮ. ತಮ್ಮನಂತೂ ಬಂದರೆ ಊಟಕ್ಕೆ ಮೊದಲೇ ಹೊರಟುಬಿಡುವ ಜಾಯಮಾನದವರು. ಮಗಳು ಜಗಳವಾಡಲಿಲ್ಲ. ನೀವು ಹೋಗಿ ಇರುವ ವಿಷಯ ಹೇಳಿ, ಇಲ್ಲದಿದ್ದರೆ ನಾನು ಇವನನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಎಂದು ಶಾಂತವಾಗಿ ಹೇಳಿ, ಕೆಲಸದ ಚಿಮುಟವನ್ನು ಒರೆಸತೊಡಗಿದಳು. ಅವಳು ಶಾಂತವಾಗಿ ಹೇಳಿದ ಮಾತು ಹಿಂದಕ್ಕೆ ಹೋದದ್ದು ಆ ಮನೆಯ ಚರಿತ್ರೆಯಲ್ಲಿಲ್ಲ.

ಸೆಪ್ಟೆಂಬರ್ ೮ರಂದು, ಶನಿವಾರ, ಗಂಡಹೆಂಡತಿ ಗಾಜಿನ ಕೋಣೆಗೆ ಹೋದರು. ತಾವು ಬೀಳ್ಕೊಟ್ಟವರಲ್ಲಿ ಒಬ್ಬರೂ ತಮಗೆ ನೆಂಟರಲ್ಲ, ಅವರ ಹೆಸರೂ ತಮಗೆ ಗೊತ್ತಿಲ್ಲ, ರಜೆಯ ಹೊತ್ತು ಖರ್ಚಿಲ್ಲದೆ ಸಂತೋಷವಾಗಿ ಕಳೆಯಲಿ ಎಂದು ಹೀಗೆ ಮಾಡುವುದೆಂದು ಟಾಟಾ ಮಾಮ ಮೊದಲಿನಿಂದ ಕೊನೆಯವರೆಗೆ ವಿವರಿಸಿದರು. ಕಂಟ್ರೋಲರ್ ಅವರು ಪೂರ್ತಿ ಕೇಳಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿದರು.

"ನೋಡಿ ಸ್ವಾಮಿ, ನಾನು ಇಪ್ಪತ್ತಾರು ವರ್ಷ ಬಸ್ ಸ್ಟ್ಯಾಂಡಲ್ಲಿ ಕೂದಲು ಬೆಳ್ಳಗೆ ಮಾಡ್ಕೊಂಡವನು," ಎಂದರು. "ಸ್ವಂತ ನೆಂಟರನ್ನ ಕಳಿಸೋಕೇ ಜನ ಬರಲ್ಲ. ನೀವು ಸಂಬಂಧ ಇಲ್ಲದವರಿಗೆ ಬಂದು ಕಣ್ಣೀರು ಹಾಕ್ತೀರಿ ಅಂದ್ರೆ ನಾನು ನಂಬಬೇಕಾ? ಅಮ್ಮಾ, ನೀವೇ ಹೇಳಿ, ಯಾಕೆ ಅಳ್ತಿದ್ರಿ?"

"ಬಂದುಬಿಡುತ್ತೆ," ಎಂದರು ಹೆಂಡತಿ.

ಈ ಉತ್ತರದಿಂದ ಏನೂ ಸಾಬೀತಾಗಲಿಲ್ಲ. ಕೊನೆಗೆ ಕಂಟ್ರೋಲರ್ ಅವರೇ ಒಂದು ಪರೀಕ್ಷೆಯನ್ನು ಸೂಚಿಸಿದರು. ಮರುದಿನ ನಾಲ್ಕು ಇಪ್ಪತ್ತರ ಬಸ್ಸಿನಲ್ಲಿ ತಾವೇ ಒಬ್ಬ ಪ್ರಯಾಣಿಕರನ್ನು ಆರಿಸುವುದಾಗಿಯೂ, ಅವರನ್ನು ಇವರು ತಮ್ಮೆದುರಿಗೇ ಬೀಳ್ಕೊಡಬೇಕೆಂದೂ ಹೇಳಿದರು. ಗುರುತಿಲ್ಲದವರಾದರೆ ಗುರುತಿಲ್ಲದವರ ಹಾಗೆಯೇ ಕಾಣಿಸುತ್ತದೆ. ತಮ್ಮ ಕಣ್ಣಿಗೆ ಮೋಸವಾಗದು.

ಭಾನುವಾರ ದಾರಿಯುದ್ದಕ್ಕೂ ಮಗಳು ತಂದೆಗೆ ತಿಳಿಹೇಳಿದಳು. ಪರೀಕ್ಷೆಯಲ್ಲಿ ಗೆಲ್ಲಬೇಕಾದರೆ ಕೆಲಸ ಕೆಡಬೇಕು. ಕೈ ಹಿಂದೆ ಕಟ್ಟಿಕೊಳ್ಳಬೇಕು, ನಗಬಾರದು, ಕೊಡೆಯ ವಿಷಯ ಎತ್ತಬಾರದು. "ಒಂದು ದಿನ ಕೆಟ್ಟದಾಗಿ ಕಳಿಸಿಕೊಡಪ್ಪ, ನನಗೋಸ್ಕರ," ಎಂದಳು. ಆಗಲಿ ಎಂದು ತಂದೆ ಮಾತು ಕೊಟ್ಟರು. ತಾಯಿ ಬಸ್ಸಿನ ಕಡೆಗೆ ಬೆನ್ನು ಮಾಡಿ ನಿಲ್ಲುವುದೆಂದು ತೀರ್ಮಾನವಾಯಿತು.

ಕಂಟ್ರೋಲರ್ ಆರಿಸಿದ್ದು ಮೂರನೆಯ ಕಿಟಕಿಯ ಒಬ್ಬ ನಡುವಯಸ್ಸಿನ ಗೃಹಸ್ಥರನ್ನು. ಇಡೀ ಬಸ್ಸಿನಲ್ಲಿ ಅಷ್ಟು ಹುಳಿಮುಖ ಮತ್ತೊಂದಿರಲಿಲ್ಲ. ಟಾಟಾ ಮಾಮ ಕೈ ಹಿಂದೆ ಕಟ್ಟಿಕೊಂಡು ಹೋಗಿ, ಗೋಡೆಯೊಡನೆ ಮಾತನಾಡುವಂತೆ, ಹೊರಟಿರೋ ಎಂದು ಕೇಳಿದರು. ಹೂಂ ಎಂದರು ಆ ಗೃಹಸ್ಥರು. ಮತ್ತೆ ಮಾತಿಲ್ಲ. ಒಂದು ನಿಮಿಷ ಸೊಗಸಾಗಿ ಕಳೆಯಿತು. ಕಂಟ್ರೋಲರ್ ಅವರ ಹುಬ್ಬುಗಳು ಕ್ರಮೇಣ ಸಡಿಲಗೊಂಡವು. ಮಗಳು ಉಸಿರು ಬಿಗಿಹಿಡಿದು ಕಂಬಕ್ಕೆ ಒರಗಿದ್ದಳು.

ಅಷ್ಟರಲ್ಲಿ ಚಾಲಕರು ಎಂಜಿನ್ ಚಾಲೂ ಮಾಡಿದರು. ಮೂರನೆಯ ಕಿಟಕಿಯ ಗಾಜು ಗಡಗಡ ಅಲ್ಲಾಡಿತು.

ಮೂವತ್ತೆರಡು ವರ್ಷ ಅಲ್ಲಾಡುವ ಗಾಜಿನ ಸದ್ದಡಗಿಸಿಯೇ ಸಂಬಳ ತೆಗೆದುಕೊಂಡವರು ಆ ಸದ್ದನ್ನು ಕೇಳಿಸಿಕೊಂಡು ಸುಮ್ಮನಿರುವುದು ಸಾಧ್ಯವೇ? ಟಾಟಾ ಮಾಮನ ಕೈಗಳು ತಾವಾಗಿಯೇ ಮುಂದಕ್ಕೆ ಬಂದವು. ಜೇಬಿನಿಂದ ಪತ್ರಿಕೆಯ ತುಂಡು ತೆಗೆದು, ನಾಲ್ಕು ಮಡಿಕೆ ಮಡಚಿ, ಗಾಜಿಗೂ ಚೌಕಟ್ಟಿಗೂ ನಡುವೆ ಎರಡು ಕಡೆ ತುರುಕಿದರು. ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಆಲಿಸಿದರು. ಸದ್ದು ನಿಂತಿತ್ತು.

"ದಾರಿಯುದ್ದಕ್ಕೂ ತಲೆಗೆ ಬಡೀತಿತ್ತು," ಎಂದರು. "ಈಗ ಒರಗಿಕೊಂಡು ಒಂದು ನಿದ್ದೆ ತೆಗೀರಿ. ಈ ಕಡೆಗೇ ಬಿಸಿಲು ಬೀಳುತ್ತೆ, ಪರದೆ ಎಳ್ಕೊಳ್ಳಿ."

ಹುಳಿಮುಖದ ಗೃಹಸ್ಥರು ಕಾಗದದ ಆ ಮಡಿಕೆಗಳನ್ನು ನೋಡಿದರು, ಬಳಿಕ ಟಾಟಾ ಮಾಮನನ್ನು ನೋಡಿದರು. ಕಿಟಕಿಯಿಂದ ಎರಡೂ ಕೈ ಚಾಚಿ ಟಾಟಾ ಮಾಮನ ಕೈಯನ್ನು ಬಲವಾಗಿ ಹಿಡಿದುಕೊಂಡರು.

"ಅಣ್ಣಾ, ನೀನೂ ಹುಷಾರು," ಎಂದರು.

ಬಸ್ಸು ಹೊರಟಿತು. ಬೆನ್ನು ಮಾಡಿ ನಿಂತಿದ್ದ ತಾಯಿಯ ಭುಜಗಳು ಕುಲುಕುತ್ತಿದ್ದವು. ಮಗಳು ಏಳನೆಯ ಹೆಜ್ಜೆಯಲ್ಲಿ ತಾನು ಓಡುತ್ತಿರುವುದು ಗೊತ್ತಾಗಿ ಗಕ್ಕನೆ ನಿಂತಳು.

"ಅಣ್ಣಾ ಅಂದ್ರು," ಎಂದರು ಕಂಟ್ರೋಲರ್ ತಣ್ಣಗೆ. "ನಾನೇ ಆರಿಸಿದೆ. ಇಡೀ ಬಸ್ಸಲ್ಲಿ ಹುಡುಕಿ ಹುಡುಕಿ ಆರಿಸಿದೆ. ಅವರೂ ನಿಮ್ಮ ಒಡಹುಟ್ಟಿದವರೇ. ನಾನು ಎರಡು ಸಾವಿರದ ಚಿಲ್ಲರೆ ಅಂದದ್ದು ಕಡಿಮೆಯಾಯ್ತು ಅನ್ಸುತ್ತೆ."

ಮಗಳ ಮುಖ ನೋಡುವ ಧೈರ್ಯ ಟಾಟಾ ಮಾಮನಿಗಾಗಲಿಲ್ಲ. ಇನ್ನು ಮೇಲೆ ನಿಲ್ದಾಣಕ್ಕೆ ಕಾಲಿಡುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ ಎಂದು ತೊದಲಿದರು. ಹೋಗುವುದನ್ನು ನಿಲ್ಲಿಸಿದರೆ ಇರುವ ನೆಂಟರು ಇಲ್ಲವಾಗುತ್ತಾರೆಯೇ ಎಂದು ಕಂಟ್ರೋಲರ್ ಕೇಳಿದರು. ಅವರು ಗಾಜಿನ ಕೋಣೆಯ ಕಡೆಗೆ ತಿರುಗಿದರು.

ಆಗ ಮಗಳು ಅಡ್ಡ ಬಂದು ನಿಂತಳು.

"ಸರ್, ಇನ್ನೊಂದು ಬಸ್ಸಿದೆಯಲ್ಲ, ನಾಲ್ಕು ನಲವತ್ತರದು. ಅದರಲ್ಲಿ ನೀವೇ ಒಬ್ಬರನ್ನ ಕಳಿಸಿಕೊಡಿ. ನಿಮಗಂತೂ ಅವರು ನೆಂಟರಲ್ಲ ಅಲ್ವಾ? ಅವರು ನಿಮ್ಮನ್ನ ಗುರುತಿಲ್ಲದವರ ಹಾಗೆ ನೋಡಿದ್ರೆ, ನಾನು ನಿಮ್ಮ ಮಗನ ಸುದ್ದಿಗೆ ಬರಲ್ಲ."

ತಾಯಿ ಬೆಚ್ಚಿ ಮಗಳ ಕೈ ಹಿಡಿದರು. ಕಂಟ್ರೋಲರ್ ಅವರು ಕನ್ನಡಕ ಸರಿಪಡಿಸಿಕೊಂಡು ಅವಳನ್ನು ಒಂದು ಗಳಿಗೆ ನೋಡಿದರು. ಇಪ್ಪತ್ತಾರು ವರ್ಷಗಳಲ್ಲಿ ಅವರು ಕಳುಹಿಸಿದ ಬಸ್ಸುಗಳಿಗೆ ಲೆಕ್ಕವಿಲ್ಲ. ಪ್ರಯಾಣಿಕರೊಬ್ಬರನ್ನು ಕಳುಹಿಸಿದ್ದು ಮಾತ್ರ ಒಮ್ಮೆಯೂ ಇಲ್ಲ. ಆಗಲಿ, ಅದೇನು ಮಹಾ ವಿದ್ಯೆಯೋ ನೋಡೋಣ ಎಂದರು.

ನಾಲ್ಕು ನಲವತ್ತರ ಬಸ್ಸಿನ ಎರಡನೆಯ ಕಿಟಕಿಯಲ್ಲಿ ಒಬ್ಬ ಅಜ್ಜಿ ಒಬ್ಬರೇ ಕುಳಿತಿದ್ದರು. ಕಂಟ್ರೋಲರ್ ಅವರು ಕಿಟಕಿಯ ಕೆಳಗೆ ನೆಟ್ಟಗೆ ನಿಂತು, ಈ ಬಸ್ಸು ನಾಲ್ಕು ನಲವತ್ತಕ್ಕೆ ಹೊರಟು ನಡುವೆ ಎರಡು ಕಡೆ ನಿಲ್ಲುತ್ತದೆ ಎಂದು ಪ್ರಕಟಿಸಿದರು. ಅಜ್ಜಿ ತಲೆಯಾಡಿಸಿದರು. ಬಳಿಕ ಏನು ಹೇಳಬೇಕೆಂದು ತೋಚದೆ ಕಂಟ್ರೋಲರ್ ಹಿಂದಕ್ಕೆ ತಿರುಗಿದರು. ಟಾಟಾ ಮಾಮ ದೂರದಿಂದಲೇ ತುಟಿಯಾಡಿಸಿ ಹೇಳಿಕೊಟ್ಟರು.

"ತಲುಪಿದ ಮೇಲೆ," ಎಂದರು ಕಂಟ್ರೋಲರ್, ಗಂಟಲು ಸರಿಮಾಡಿಕೊಂಡು, "ಒಂದು ಮಾತು ತಿಳಿಸಿ."

ಅಜ್ಜಿ ಕಣ್ಣು ಕಿರಿದು ಮಾಡಿ ಅವರನ್ನು ದಿಟ್ಟಿಸಿದರು.

"ನೀನೇನಪ್ಪಾ? ಗುರುತೇ ಸಿಗಲಿಲ್ಲ ನೋಡು. ಎಷ್ಟು ಇಳಿದುಹೋಗಿದ್ದೀಯ."

ತಾನು ಇಲ್ಲಿಯ ಕಂಟ್ರೋಲರ್ ಎಂದು ಅವರು ಹೇಳಹೊರಟರು. ಅಜ್ಜಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ, ಅಡುಗೆ ಯಾರು ಮಾಡುತ್ತಾರೆ, ಈ ಅಂಗಿಯ ಗುಂಡಿ ಕಿತ್ತು ಎಷ್ಟು ದಿನವಾಯಿತು ಎಂದು ಒಂದರ ಮೇಲೊಂದು ಪ್ರಶ್ನೆ ಹಾಕಿದರು. ಕಂಟ್ರೋಲರ್ ಅವರು ಮೊದಲ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಂಡರು. ಎರಡನೆಯದಕ್ಕೆ, ನಾನೇ ಮಾಡಿಕೊಳ್ಳುತ್ತೇನೆ, ಅನ್ನ ತಳ ಹಿಡಿಯುತ್ತದೆ ಎಂದರು. ಮೂರನೆಯದಕ್ಕೆ ಗುಂಡಿಯಿಲ್ಲದ ಜಾಗವನ್ನು ಕೈಯಿಂದ ಮುಚ್ಚಿಕೊಂಡು, ಕಿಟಕಿಗೆ ಇನ್ನಷ್ಟು ಹತ್ತಿರ ಸರಿದು ನಿಂತರು. ಅಲ್ಲಿಂದ ಮುಂದೆ ಅವರು ಸಣ್ಣ ದನಿಯಲ್ಲಿ ಏನು ಹೇಳಿದರೋ, ಅಜ್ಜಿ ಏನು ಬುದ್ಧಿ ಹೇಳಿದರೋ ಯಾರಿಗೂ ಕೇಳಿಸಲಿಲ್ಲ. ಅವರು ತಲೆ ಆಡಿಸುತ್ತಿದ್ದುದು ಮಾತ್ರ ಕಾಣುತ್ತಿತ್ತು.

ನಾಲ್ಕು ನಲವತ್ತಾಯಿತು. ನಲವತ್ತೊಂದಾಯಿತು. ಚಾಲಕರು ಹಾರನ್ ಒತ್ತಿದರು. ನಿರ್ವಾಹಕರು ಬಾಗಿಲಿನಿಂದ ಬಗ್ಗಿ, "ಸರ್, ಸೀಟಿ," ಎಂದು ನೆನಪಿಸಿದರು. ಕಂಟ್ರೋಲರ್ ಅವರು ತಿರುಗಿಯೂ ನೋಡದೆ, ಇರಯ್ಯ, ದೊಡ್ಡವರು ಮಾತಾಡುತ್ತಿದ್ದಾರೆ ಎಂಬಂತೆ ಕೈ ಎತ್ತಿದರು. ಬಸ್ಸಿನೊಳಗಿನವರೆಲ್ಲರೂ ಕತ್ತು ಚಾಚಿ ನೋಡತೊಡಗಿದರು.

ನಲವತ್ತಾರಕ್ಕೆ ಅಜ್ಜಿ ಮಾತು ನಿಲ್ಲಿಸಿ, ಸ್ವಲ್ಪ ದೂರದಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದ ತಂದೆ, ತಾಯಿ, ಮಗಳ ಕಡೆಗೆ ಗಲ್ಲ ಚಾಚಿದರು.

"ಅವರೆಲ್ಲ ಯಾರಪ್ಪ? ನಿನ್ನ ಜೊತೆ ಬಂದವರಾ?"

ಕಂಟ್ರೋಲರ್ ತಿರುಗಿ ಅವರನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಂಡು, ಇನ್ನೊಮ್ಮೆ ನೋಡಿದರು.

"ಅವರಾ? ನಮ್ಮ ಬೀಗರು," ಎಂದರು.

"ಒಳ್ಳೇದಾಯ್ತು. ದೊಡ್ಡ ಸಂಸಾರವೋ?"

"ಇಲ್ಲಮ್ಮ," ಎಂದರು ಕಂಟ್ರೋಲರ್. "ಮೂರೇ ಜನ."